ಒಬ್ಬಳೇ ಶುರು ಮಾಡಿದ ರೋಬೊ ತಂಡ

“ಅಕ್ಕೋರ, ಇದು ಮತ್ತ ಸತ್ತೈತ್ರಿ.”

ಒಂದು ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಈ ಮಾತನ್ನು ಹದಿನೇಳು ಸಲ ಕೇಳಿದೆ. ಎಣಿಸಿದ್ದು ನಾನಲ್ಲ. ಆರನೇ ಕ್ಲಾಸಿನ ಹುಡುಗನೊಬ್ಬ ಮೂಲೆಯಲ್ಲಿ ಕೂತು, ರೋಬೊ ನಿಂತಾಗಲೆಲ್ಲ ಗೋಡೆಗೆ ಸೀಮೆಸುಣ್ಣದಿಂದ ಒಂದೊಂದು ಗೆರೆ ಎಳೆಯುತ್ತಿದ್ದ. ಅವ್ವ ಬೈಯ್ದಳು. ಗೆರೆ ಮಾತ್ರ ಹಾಗೇ ಉಳಿದವು.

ಸತ್ತಿದ್ದು ನಮ್ಮ ಮೊದಲ ರೋಬೊ. ಒಂದು ಪ್ಲೈವುಡ್ ತುಂಡು, ಎರಡು ಹಳದಿ ಮೋಟರ್, ಒಂದು ಅರ್ಡುಯಿನೊ ಬೋರ್ಡು, ಮೇಲೊಂದು ಚೌಕ ಬ್ಯಾಟರಿ. ಸ್ವಿಚ್ ಒತ್ತಿದರೆ ದೀಪ ಹತ್ತುತ್ತಿತ್ತು, ಗಾಲಿ ಅರ್ಧ ಸುತ್ತು ತಿರುಗುತ್ತಿತ್ತು, ಆಮೇಲೆ ಎಲ್ಲ ಬಂದ್. ಏಳು ಮಕ್ಕಳು ನನ್ನ ಮುಖ ನೋಡುತ್ತಿದ್ದರು. ನಾನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಅದಕ್ಕಿಂತ ಹೆಚ್ಚು ಏನು ನೋಡಬೇಕು ಅಂತ ನನಗೆ ಗೊತ್ತಿರಲಿಲ್ಲ.

ಊರಲ್ಲಿ ನಾನು ‘ಎಂಜಿನಿಯರ್ ಹುಡುಗಿ’. ಓದಿದ್ದು ಕಂಪ್ಯೂಟರ್ ಸೈನ್ಸ್, ಕೆಲಸ ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್. ಹತ್ತು ವರ್ಷದ ಕೆಲಸದಲ್ಲಿ ಒಂದು ಮೋಟರನ್ನೂ ಕೈಯಲ್ಲಿ ಹಿಡಿದವಳಲ್ಲ. ಇದನ್ನು ಮಕ್ಕಳಿಗೆ ಹೇಳುವ ಧೈರ್ಯ ಬರಲು ನನಗೆ ಆರು ತಿಂಗಳು ಹಿಡಿಯಿತು.

ಊರು ಮತ್ತು ಹುಕಿ

ನಮ್ಮೂರು ತಂಗಡಗಿ. ಮುದ್ದೇಬಿಹಾಳ ತಾಲ್ಲೂಕು, ಕೃಷ್ಣೆಯ ದಂಡೆ. ಬಸವಣ್ಣನವರ ಪತ್ನಿ ನೀಲಾಂಬಿಕೆಯವರ ಐಕ್ಯಸ್ಥಳ ಎಂದು ಹೊರಗಿನವರಿಗೆ ಗೊತ್ತು. ಕೂಡಲಸಂಗಮಕ್ಕೆ ಹೋಗುವವರು ಇಲ್ಲಿಗೂ ಬಂದು ಕೈಮುಗಿದು ಹೋಗುತ್ತಾರೆ. ಉಳಿದಂತೆ ತೊಗರಿ, ಜೋಳ, ಕಬ್ಬು, ಪಂಪ್‌ಸೆಟ್ಟು, ರಾತ್ರಿ ಬರುವ ತ್ರೀಫೇಸ್ ಕರೆಂಟು.

ಕೊರೊನಾ ಕಾಲದಲ್ಲಿ ಮನೆಯಿಂದ ಕೆಲಸ ಎಂದು ಬಂದವಳು ಇಲ್ಲೇ ಉಳಿದೆ. ಸಂಜೆ ಮನೆ ಮುಂದೆ ಮಕ್ಕಳು ಕೆಟ್ಟ ಮೊಬೈಲಿನ ಸ್ಪೀಕರ್ ಬಿಚ್ಚಿ ಆಟ ಆಡುತ್ತಿದ್ದರು. ಒಬ್ಬ ಹುಡುಗ ಆಟಿಕೆ ಕಾರಿನ ಮೋಟರ್ ತೆಗೆದು, ಅದಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯ ರೆಕ್ಕೆ ಹಚ್ಚಿ ಫ್ಯಾನ್ ಮಾಡಿದ್ದ. ಅದನ್ನು ನೋಡಿ ನನಗೆ ಹುಕಿ ಬಂತು. 2022ರ ಜೂನ್‌ನಲ್ಲಿ, “ಭಾನುವಾರ ಬರ್ರಿ, ರೋಬೊ ಮಾಡೋಣು” ಅಂದೆ.

ಮೊದಲ ವಾರ ಮೂವತ್ತೊಂದು ಮಕ್ಕಳು ಬಂದರು. ಎರಡನೇ ವಾರ ಹತ್ತೊಂಬತ್ತು. ಜುಲೈ ಮುಗಿಯುವಷ್ಟರಲ್ಲಿ ಏಳು. ಸಿನಿಮಾದಲ್ಲಿ ನೋಡಿದ ಮಾತಾಡುವ ರೋಬೊ ಬರುತ್ತದೆ ಎಂದುಕೊಂಡವರಿಗೆ ಎಲ್‌ಇಡಿ ದೀಪ ಮಿಣುಕಿದ್ದು ಸಾಲಲಿಲ್ಲ. ನಾಲ್ಕು ಹುಡುಗರು, ಮೂವರು ಹುಡುಗಿಯರು ಉಳಿದರು. ತಂಡ ಅಂದರೆ ಅಷ್ಟೇ ಎಂದುಕೊಂಡೆ. ಅದು ತಂಡ ಆಗಿರಲಿಲ್ಲ. ನಾನು ಮತ್ತು ನನ್ನನ್ನು ನೋಡುತ್ತಿದ್ದ ಏಳು ಜನ, ಅಷ್ಟೆ.

ಯಾವ ಬಾಗಿಲು ತಟ್ಟಬೇಕು?

ಒಬ್ಬರೇ ಶುರು ಮಾಡುವವರ ಮೊದಲ ಕಷ್ಟ ದುಡ್ಡಲ್ಲ, ದಾರಿ ಗೊತ್ತಿಲ್ಲದಿರುವುದು. ಗೂಗಲ್‌ನಲ್ಲಿ ಹುಡುಕಿದರೆ ಹತ್ತಾರು ಸ್ಪರ್ಧೆಗಳ ಹೆಸರು ಬರುತ್ತವೆ. ಯಾವುದು ಯಾರಿಗೆ ಅಂತ ತಿಳಿಯಲು ನನಗೆ ತಿಂಗಳು ಬೇಕಾಯಿತು. ನಿಮಗೆ ಆ ತಿಂಗಳು ಉಳಿಯಲಿ.

ಅಮೆರಿಕದಲ್ಲಿ ಡೀನ್ ಕೇಮನ್ ಎಂಬ ಸಂಶೋಧಕ 1989ರಲ್ಲಿ ಕಟ್ಟಿದ ಸಂಸ್ಥೆ ‘ಫಸ್ಟ್’. ಅದರ ಮೊದಲ ಸ್ಪರ್ಧೆ 1992ರಲ್ಲಿ ಒಂದು ಹೈಸ್ಕೂಲಿನ ಆಟದ ಕೋಣೆಯಲ್ಲಿ ನಡೆದಾಗ ಬಂದಿದ್ದು 28 ತಂಡ. ಅದೇ ಸಂಸ್ಥೆ ಲೆಗೊ ಕಂಪನಿಯ ಜೊತೆ ಸೇರಿ ಸಣ್ಣ ಮಕ್ಕಳಿಗೆ ನಡೆಸುವುದು ‘ಫಸ್ಟ್ ಲೆಗೊ ಲೀಗ್’. ಭಾರತದಲ್ಲೂ ನಡೆಯುತ್ತದೆ. ಅದರ ಚಾಲೆಂಜ್ ವಿಭಾಗದ ತಂಡದಲ್ಲಿ ಹೆಚ್ಚೆಂದರೆ ಹತ್ತು ಮಕ್ಕಳು. ರೋಬೊ ಓಡುವುದು ಎರಡೂವರೆ ನಿಮಿಷ. ಆ ಓಟ ಮೌಲ್ಯಮಾಪನದ ನಾಲ್ಕು ಭಾಗಗಳಲ್ಲಿ ಒಂದು ಮಾತ್ರ. ಉಳಿದದ್ದು ವಿನ್ಯಾಸ, ಒಂದು ಸಮಸ್ಯೆಗೆ ಮಕ್ಕಳು ಹುಡುಕಿದ ಪರಿಹಾರ, ಒಬ್ಬರ ಜೊತೆ ಒಬ್ಬರು ಹೇಗೆ ಕೆಲಸ ಮಾಡುತ್ತಾರೆ ಎಂಬುದು. ಈ ಕೊನೆಯ ಸಾಲನ್ನು ನಾನು ಆಗ ಓದಿ ದಾಟಿಬಿಟ್ಟೆ.

2004ರಲ್ಲಿ ಶುರುವಾದ ‘ವರ್ಲ್ಡ್ ರೋಬೊಟ್ ಒಲಿಂಪಿಯಾಡ್’ ಇನ್ನೊಂದು. ಅಲ್ಲಿ ಎರಡು ಅಥವಾ ಮೂರು ಮಕ್ಕಳ ತಂಡ, ಒಬ್ಬ ಕೋಚ್. 2016ರಲ್ಲಿ ಅದರ ಅಂತರರಾಷ್ಟ್ರೀಯ ಫೈನಲ್ ನಮ್ಮ ದೇಶದಲ್ಲೇ ನಡೆದಿತ್ತು. ಸ್ಪರ್ಧೆಯ ದಿನ ಬೆಳಿಗ್ಗೆ ಹೊಸದೊಂದು ನಿಯಮ ಹೇಳುವ ಪದ್ಧತಿ ಅಲ್ಲಿದೆ. ಮಕ್ಕಳು ಅಲ್ಲೇ ಕೂತು ಪ್ರೋಗ್ರಾಮ್ ಬದಲಿಸಬೇಕು, ಕೋಚ್ ಒಳಗೆ ಹೋಗುವಂತಿಲ್ಲ. ಕಾಲೇಜಿನವರಿಗೆ ಐಐಟಿ ಬಾಂಬೆಯ ‘ಇ-ಯಂತ್ರ’ ಇದೆ, ದೂರದರ್ಶನ ಬೆಳೆಸಿದ ‘ರೋಬೊಕಾನ್’ ಇದೆ. ಏಷ್ಯಾ-ಪೆಸಿಫಿಕ್ ಮಟ್ಟದ ರೋಬೊಕಾನ್ 2008 ಮತ್ತು 2014ರಲ್ಲಿ ಪುಣೆಗೇ ಬಂದಿತ್ತು. ವಿಜಯಪುರದವರಿಗೆ ಪುಣೆ ದೂರ ಏನಲ್ಲ.

ಶಾಲೆಗಳಿಗೆ ನೀತಿ ಆಯೋಗದ ‘ಅಟಲ್ ಟಿಂಕರಿಂಗ್ ಲ್ಯಾಬ್’ ಯೋಜನೆ 2016ರಿಂದ ಇದೆ. 6ರಿಂದ 12ನೇ ತರಗತಿಯ ಮಕ್ಕಳಿಗಾಗಿ, ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ. ದೇಶದಲ್ಲಿ ಇಂಥ ಹತ್ತು ಸಾವಿರ ಲ್ಯಾಬ್‌ಗಳಾಗಿವೆ. ಮುಂದಿನ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ 50 ಸಾವಿರ ಲ್ಯಾಬ್ ಎಂದು 2025ರ ಕೇಂದ್ರ ಬಜೆಟ್ ಹೇಳಿತು.

ಇಂಥದೊಂದು ಲ್ಯಾಬಿರುವ ಶಾಲೆಯನ್ನು ಹುಡುಕಿಕೊಂಡು ಬೈಕ್ ಮೇಲೆ ಹೋದೆ. ಯಾವ ಊರು ಅಂತ ಹೇಳುವುದಿಲ್ಲ. ಸಾಮಾನು ಪೆಟ್ಟಿಗೆಯಲ್ಲೇ ಇತ್ತು. “ಏನರ ಕಳದ್ರ ನಮ್ಮ ತಲಿಗಿ ಬರ್ತೈತ್ರಿ ಅಕ್ಕಾರ” ಎಂದರು ಅಲ್ಲಿಯ ಮಾಸ್ತರು, ಸಂಕೋಚದಿಂದಲೇ. ಅವರ ಮೇಲೆ ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅವರೂ ನನ್ನ ಹಾಗೇ ಒಬ್ಬರೇ ಇದ್ದರು.

ಪಂಪಿನ ಕಾಕಾ

ಸತ್ತ ರೋಬೊದ ಕಥೆಗೆ ಬರುತ್ತೇನೆ. ಮೂರು ವಾರ ನಾನು ಪ್ರೋಗ್ರಾಮನ್ನೇ ತಿದ್ದಿದೆ. ಹೊಸ ಬೋರ್ಡು ತರಿಸಿದೆ. ಆನ್‌ಲೈನ್‌ನಲ್ಲಿ ಬಂದ ಅಗ್ಗದ ಬೋರ್ಡನ್ನು ಲ್ಯಾಪ್‌ಟಾಪ್ ಗುರುತೇ ಹಿಡಿಯಲಿಲ್ಲ, ಅದಕ್ಕೆ ಬೇರೆ ಡ್ರೈವರ್ ಹಾಕಬೇಕೆಂದು ತಿಳಿಯಲು ಎರಡು ರಾತ್ರಿ ಹೋದವು. ಬೆಂಗಳೂರಿನ ಗೆಳತಿಯರಿಗೆ ವಿಡಿಯೊ ಕಳಿಸಿದೆ. ಅವರೂ ಸಾಫ್ಟ್‌ವೇರ್‌ನವರೇ. “ಕ್ಯೂಟ್ ಆಗಿದೆ ಕಣೇ” ಅಂದರು.

ಕೊನೆಗೆ ಒಬ್ಬ ಹುಡುಗ, ನನಗೆ ಹೇಳದೆ, ರೋಬೊ ಚೀಲದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆಯ ಮೋಟರ್ ರಿವೈಂಡಿಂಗ್ ಅಂಗಡಿಗೆ ಒಯ್ದ. ಆ ಅಂಗಡಿಯ ಕಾಕಾ ಸುಟ್ಟ ಪಂಪ್‌ಸೆಟ್ ಮೋಟರಿಗೆ ತಾಮ್ರದ ತಂತಿ ಸುತ್ತುವವರು. ಅರ್ಡುಯಿನೊ ಹೆಸರೂ ಕೇಳಿದವರಲ್ಲ. ಅವರು ಮಾಡಿದ್ದು ಇಷ್ಟೇ: ಮೀಟರಿನ ಎರಡು ಕಡ್ಡಿ ಬ್ಯಾಟರಿಗೆ ಹಿಡಿದು, ಸ್ವಿಚ್ ಒತ್ತು ಅಂದರು. 9 ವೋಲ್ಟ್ ಇದ್ದದ್ದು ಮೋಟರ್ ತಿರುಗುತ್ತಿದ್ದಂತೆ ದಡಕ್ಕನೆ 5ಕ್ಕೂ ಕೆಳಗೆ ಬಿತ್ತು.

“ಎತ್ತಿಗಿ ಮೇವಿಲ್ಲಲೇ. ಬಂಡಿ ಹ್ಯಾಂಗ ಎಳೀಬೇಕದು?”

ವಿಷಯ ಅಷ್ಟೇ ಆಗಿತ್ತು. ಆ ಚೌಕ 9 ವೋಲ್ಟ್ ಬ್ಯಾಟರಿ ಕಡಿಮೆ ಕರೆಂಟ್ ಸಾಕಾಗುವ ಸಣ್ಣ ಕೆಲಸಕ್ಕೆ ಸರಿ. ಮೋಟರ್ ಹೊರಡುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಬಹಳ ಹೆಚ್ಚು ಕರೆಂಟ್ ಎಳೆಯುತ್ತದೆ. ಬ್ಯಾಟರಿ ಅಷ್ಟು ಕೊಡಲಾರದೆ ವೋಲ್ಟೇಜ್ ಕುಸಿಯುತ್ತದೆ. ಅದೇ ಬ್ಯಾಟರಿಯಿಂದ ಉಸಿರಾಡುವ ಬೋರ್ಡು ಆರಿ ಮತ್ತೆ ಹೊಸದಾಗಿ ಶುರುವಾಗುತ್ತದೆ. ನಮಗೆ ಅದು ‘ಸತ್ತಂತೆ’ ಕಾಣುತ್ತಿತ್ತು. ಲಿಥಿಯಮ್-ಅಯಾನ್ ಸೆಲ್ ಎರಡನ್ನು ಸಾಲಾಗಿ ಜೋಡಿಸಿದೆವು, ಸುಮಾರು 7.4 ವೋಲ್ಟ್. ಗಾಲಿ ಓಡಿತು. ಪಡಸಾಲೆಯ ಹೊಸ್ತಿಲು ಬಡಿದು ಮಗುಚಿ ಬಿತ್ತು. ಏಳೂ ಮಕ್ಕಳು ಹೋ ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೇನೋ ಎಂದು ಓಡಿ ಬಂದರು.

ಆ ದಿನ ಖುಷಿಯ ಜೊತೆ ನಾಚಿಕೆಯೂ ಆಯಿತು. ಮೆಂಟರ್ ಸಿಗಲಿಲ್ಲ, ಊರಲ್ಲಿ ತಿಳಿದವರಿಲ್ಲ ಎಂದು ಮೂರು ತಿಂಗಳು ಗೋಳಾಡಿದ್ದೆ. ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಮೂವತ್ತು ವರ್ಷದಿಂದ ಮೋಟರಿನ ಜೊತೆ ಬದುಕಿದ ಮನುಷ್ಯ ಇದ್ದರು. ಲಿಂಕ್ಡ್‌ಇನ್‌ನಲ್ಲಿ ಇರಲಿಲ್ಲ, ಅದಕ್ಕೆ ನನಗೆ ಕಂಡಿರಲಿಲ್ಲ.

ಬಿಸಿಲು, ಫ್ಲೆಕ್ಸು, ಲಗ್ನಪತ್ರಿಕೆ

ರೋಬೊ ಗೆರೆ ಹಿಡಿದು ಹೋಗುವುದು ನಮ್ಮ ಮೊದಲ ಗುರಿ. ಇನ್‌ಫ್ರಾರೆಡ್ ಸೆನ್ಸರ್ ಕೆಳಗೆ ಬೆಳಕು ಬಿಡುತ್ತದೆ. ಬಿಳಿ ನೆಲ ಅದನ್ನು ವಾಪಸು ಕಳಿಸುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ಆ ವ್ಯತ್ಯಾಸ ನೋಡಿ ರೋಬೊ ಎಡಕ್ಕೋ ಬಲಕ್ಕೋ ತಿರುಗಬೇಕು.

ಬಿಳಿ ನೆಲ ಎಲ್ಲಿಂದ ತರುವುದು? ಚುನಾವಣೆಯ ಹಳೆ ಫ್ಲೆಕ್ಸ್ ಬ್ಯಾನರ್ ಮಗುಚಿ ಹಾಸಿದೆವು. ಹಿಂಬದಿ ಹಾಲಿನ ಹಾಗೆ ಬಿಳಿ. ಅದರ ಮೇಲೆ ವಯರ್‌ಮನ್ ಟೇಪಿನ ಕಪ್ಪು ಗೆರೆ. ಮಕ್ಕಳು ರೋಬೊಗೆ ‘ಸಂಗ್ಯಾ’ ಎಂದು ಹೆಸರಿಟ್ಟರು, ಸಂಗ್ಯಾ-ಬಾಳ್ಯಾ ಆಟದ ಸಂಗ್ಯಾ.

ಬೆಳಿಗ್ಗೆ ಎಂಟಕ್ಕೆ ನೆಟ್ಟಗೆ ಹೋಗುತ್ತಿದ್ದ ಸಂಗ್ಯಾ ಹನ್ನೊಂದಕ್ಕೆ ಹುಚ್ಚು ಹಿಡಿದವನಂತೆ ಆಡುತ್ತಿದ್ದ. ನನಗೆ ತಿಳಿಯಲಿಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ, ಮಾತು ಕಡಿಮೆ, ಪ್ರತಿ ವಾರ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಸೆನ್ಸರ್ ತೋರಿಸಿದ ಅಂಕಿ ಬರೆಯುತ್ತಿದ್ದಳು. ಅವಳು ಪುಟ ತಿರುಗಿಸಿ ತೋರಿಸಿದಳು: “ಬಾಗಲಾ ತೆಗದಾಗ ನಂಬರ್ ಬದಲಾಗ್ತಾವ್ರಿ ಅಕ್ಕೋರ. ಬಿಸಲು ಒಳಗ ಬಂದಾಗ.”

ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ. ಸೆನ್ಸರಿಗೆ ಅದು ತನ್ನ ಬೆಳಕೋ ಸೂರ್ಯನದೋ ತಿಳಿಯುವುದಿಲ್ಲ. ಅದೇ ಹುಡುಗಿ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ಸೆನ್ಸರಿನ ಸುತ್ತ ಪರದೆ ಕಟ್ಟಿದಳು. ಸಂಗ್ಯಾ ದಾರಿಗೆ ಬಂದ. ಟೇಪ್ ಅಲ್ಲಲ್ಲಿ ಕಿತ್ತು ಹೋಗುತ್ತಿತ್ತು, ಅದಕ್ಕೂ ಅವಳು ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸಿದಳು: ಗೆರೆ ಕಾಣದಿದ್ದರೆ ಗಾಬರಿಯಾಗಬೇಡ, ಇದ್ದ ದಿಕ್ಕಿಗೇ ಸ್ವಲ್ಪ ಮುಂದೆ ಹೋಗು. ಈ ನಾಲ್ಕು ಸಾಲು ನೆನಪಿಡಿ.

ಮನೆ ಮನೆಯ ಒಪ್ಪಿಗೆ

ಹುಬ್ಬಳ್ಳಿಯಲ್ಲಿ ಜನವರಿಯಲ್ಲಿ ಶಾಲಾ ಮಕ್ಕಳ ಸ್ಪರ್ಧೆಯೊಂದಿದೆ ಎಂದು ಗೊತ್ತಾಯಿತು. ತಂಡಕ್ಕೆ ಶಾಲೆಯ ಪತ್ರ ಬೇಕು. ಭಾನುವಾರ ಮನೆಯಲ್ಲಿ ಸೇರುವ ಮಕ್ಕಳ ಗುಂಪಿಗೆ ಯಾವ ಶಾಲೆ ಪತ್ರ ಕೊಡುತ್ತದೆ? ಮಕ್ಕಳನ್ನು ಹೊರ ಊರಿಗೆ ಕರೆದೊಯ್ದರೆ ಜವಾಬ್ದಾರಿ ಯಾರದು? ಮೂರು ಸಲ ಅಲೆದ ಮೇಲೆ, ಪ್ರತಿ ಮನೆಯಿಂದ ಒಪ್ಪಿಗೆ ಬರೆಸಿಕೊಂಡು ಬಾ ಅಂದರು.

ಮನೆಗಳಲ್ಲಿ ಪ್ರಶ್ನೆ ಬೇರೆ ಇದ್ದವು.

“ಇದರಿಂದ ಮಾರ್ಕ್ಸ್ ಬರ್ತಾವೇನವಾ?”

“ಹೆಣ್ಣುಹುಡುಗೂರನ್ನ ರಾತ್ರಿ ಎಲ್ಲಿ ಇಡ್ತಿ?”

“ರೊಕ್ಕ ಎಷ್ಟು ತಗೋತಿ?” ರೊಕ್ಕ ತಗೊಳ್ಳುವುದಿಲ್ಲ ಅಂದಾಗ ಅನುಮಾನ ಇನ್ನೂ ಹೆಚ್ಚಾಯಿತು.

ನಾನು ಭವಿಷ್ಯ, ತಂತ್ರಜ್ಞಾನ, ಅವಕಾಶ ಅಂತೆಲ್ಲ ಭಾಷಣ ಮಾಡಿದೆ. ಕೆಲಸ ಮಾಡಿದ್ದು ಅವ್ವನ ಒಂದೇ ಮಾತು: “ನಾನೂ ಹೊಂಟೀನಿ. ಮೂರೂ ಹುಡಿಗ್ಯಾರು ನನ್ನ ಮಗ್ಗಲಾಗ ಮಲಗ್ತಾವ.” ಆರು ಮನೆ ಒಪ್ಪಿದವು.

ಏಳನೆಯದು ಆ ನೋಟ್‌ಬುಕ್ ಹುಡುಗಿಯ ಮನೆ. ಅವರ ತಂದೆ ಬೇಡ ಅನ್ನಲಿಲ್ಲ. ನವೆಂಬರ್ ಬಂತೆಂದರೆ ಅವರ ಮನೆಯವರೆಲ್ಲ ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಮುಂಗಡ ತಗೊಂಡಾಗಿತ್ತು. ತಮ್ಮನನ್ನು ನೋಡಿಕೊಳ್ಳಲು ಅವಳೂ ಹೋಗಬೇಕು. ಹೊರಡುವ ಹಿಂದಿನ ಸಂಜೆ ಬಂದು ಅವಳು ಸಂಗ್ಯಾನ ಗಾಲಿಗೆ ಸಿಕ್ಕ ಕೂದಲು, ಎರೆಮಣ್ಣಿನ ಧೂಳು ಎಲ್ಲ ಪಿನ್ನಿನಿಂದ ತೆಗೆದು ಸ್ವಚ್ಛ ಮಾಡಿ ಹೋದಳು. ನೋಟ್‌ಬುಕ್ ಅವಳ ಚೀಲದಲ್ಲೇ ಹೋಯಿತು. ಕೇಳಿ ಇಟ್ಟುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.

ಹುಬ್ಬಳ್ಳಿಯ ದಿನ

ಈಗ ಹೇಳಬೇಕಾದದ್ದು ನನ್ನ ತಪ್ಪು.

ಸ್ಪರ್ಧೆಯ ಹಿಂದಿನ ರಾತ್ರಿ, ಮಕ್ಕಳು ಮಲಗಿದ ಮೇಲೆ, ನಾನು ಲ್ಯಾಪ್‌ಟಾಪ್ ತೆಗೆದೆ. ಸಂಗ್ಯಾ ತಿರುವಿನಲ್ಲಿ ಅಳುಕುತ್ತಿದ್ದ. ದೊಡ್ಡ ಶಾಲೆಗಳ ರೋಬೊಗಳು ನುಣುಪಾಗಿ ಹೋಗುವ ವಿಡಿಯೊ ನೋಡಿದ್ದೆ. ನಮ್ಮ ಮಕ್ಕಳು ನಗೆಪಾಟಲಾಗಬಾರದು ಅನ್ನಿಸಿತು. ನಿಜ ಹೇಳಬೇಕೆಂದರೆ ನಾನು ನಗೆಪಾಟಲಾಗಬಾರದು ಅನ್ನಿಸಿತು. ಮಕ್ಕಳ ಪ್ರೋಗ್ರಾಮ್ ಅಳಿಸಿ, ಬೆಳಗಿನ ಜಾವದವರೆಗೆ ಕೂತು ಪಿಐಡಿ ಲೆಕ್ಕಾಚಾರದ ಹೊಸದನ್ನು ಬರೆದೆ. ಕೆಲಸದ ಅಭ್ಯಾಸದಂತೆ ‘ಬೇಡದ’ ಸಾಲುಗಳನ್ನೆಲ್ಲ ತೆಗೆದೆ. ಗೆರೆ ಕಾಣದಿದ್ದರೆ ಏನು ಮಾಡಬೇಕೆಂಬ ಆ ನಾಲ್ಕು ಸಾಲೂ ಹೋದವು. ಸ್ಪರ್ಧೆಯ ಗೆರೆ ಕಿತ್ತಿರುವುದಿಲ್ಲವಲ್ಲ! ಹಳೆಯದರ ಪ್ರತಿಯನ್ನೂ ಉಳಿಸಲಿಲ್ಲ.

ಬೆಳಿಗ್ಗೆ ಸಂಗ್ಯಾ ಬೆಣ್ಣೆಯಂತೆ ಓಡಿದ. ಮಕ್ಕಳು ಬೆರಗಾಗಿ ನೋಡಿದರು. “ಅಕ್ಕೋರು ಏನೋ ಮಾಡ್ಯಾರ” ಅಂದರು. ನನಗೆ ಹೆಮ್ಮೆಯೇ ಆಯಿತು.

ಹತ್ತು ಗಂಟೆಗೆ ಆಯೋಜಕರು ಹೊಸ ನಿಯಮ ಹೇಳಿದರು: ಗೆರೆಯ ನಡುವೆ ಒಂದು ಕಡೆ ಗೇಣುದ್ದ ಖಾಲಿ ಬಿಟ್ಟಿರುತ್ತೇವೆ, ರೋಬೊ ಅದನ್ನು ದಾಟಿ ಮತ್ತೆ ಗೆರೆ ಹಿಡಿಯಬೇಕು. ತಿದ್ದಲು ಇಪ್ಪತ್ತು ನಿಮಿಷ.

ನಾನು ಹಗ್ಗದ ಈಚೆ. ಮಕ್ಕಳು ಆಚೆ. ಲ್ಯಾಪ್‌ಟಾಪ್ ತೆಗೆದರು. ಪರದೆಯ ಮೇಲೆ ಅವರು ಎಂದೂ ನೋಡದ ಪ್ರೋಗ್ರಾಮು. ಒಂಬತ್ತನೇ ಕ್ಲಾಸಿನ ಹುಡುಗ ಮೇಲೆ ಕೆಳಗೆ ಹುಡುಕಿ ನನ್ನ ಕಡೆ ತಿರುಗಿದ. ಮಾತಾಡುವಂತಿರಲಿಲ್ಲ. ಅವನ ಮುಖದಲ್ಲಿ ಇದ್ದದ್ದು ಹೆದರಿಕೆಯಲ್ಲ. ತನ್ನದೇ ಮನೆಗೆ ಬೇರೆ ಯಾರೋ ಬೀಗ ಹಾಕಿದಾಗ ಆಗುವಂಥದು.

ಸಂಗ್ಯಾ ಖಾಲಿ ಜಾಗಕ್ಕೆ ಬಂದ, ಗೆರೆ ಕಾಣದೆ ಅಲ್ಲೇ ಗಿರಗಿರ ಸುತ್ತಿದ. ಎರಡೂ ಸುತ್ತಿನಲ್ಲಿ ಹಾಗೇ. ಅಂಕ ಸೊನ್ನೆ.

ವಾಪಸು ಬರುವಾಗ ಬಸ್ಸಿನಲ್ಲಿ ಆರನೇ ಕ್ಲಾಸಿನವನು ಕೇಳಿದ: “ಅಕ್ಕೋರ, ಮೊದಲಿನದ್ರಾಗ ಅದು ಇತ್ತಲ್ರಿ?” ಹೂಂ ಅಂದೆ. ಮುಂದೆ ಮಾತಿಲ್ಲ. ರಾತ್ರಿ ಕಬ್ಬಿನ ಗ್ಯಾಂಗಿನ ಯಾರದೋ ಫೋನಿನಿಂದ ಆ ಹುಡುಗಿಯ ಕರೆ ಬಂತು. ಆದದ್ದೆಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂದೇ ಮಾತು:

“ಅದನ್ಯಾಕ ತೆಗದ್ರೀ ಅಕ್ಕೋರ?”

ಹತ್ತು ವರ್ಷದ ಕೆಲಸದಲ್ಲಿ ಯಾವ ಮ್ಯಾನೇಜರೂ ನನಗೆ ಇಷ್ಟು ನೇರವಾದ ಪ್ರಶ್ನೆ ಕೇಳಿಲ್ಲ.

ಒಬ್ಬರೇ ಅನ್ನುವುದು

ಮುಂದಿನ ಎರಡು ಭಾನುವಾರ ನಾನು ಬಾಗಿಲು ತೆಗೆಯಲಿಲ್ಲ. ಮೈಗೆ ಹುಷಾರಿಲ್ಲ ಅಂತ ಹೇಳಿಸಿದೆ. ಬಿಟ್ಟುಬಿಡುವ ಮನಸ್ಸಾಗಿತ್ತು.

ಆಗ ಅಪ್ಪ ಫ.ಗು. ಹಳಕಟ್ಟಿಯವರ ಮಾತು ತೆಗೆದರು. ವಿಜಯಪುರದ ಮಂದಿಗೆ ಅವರು ಮನೆಯ ಹಿರಿಯರಿದ್ದಂತೆ. ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿಗೂ ಅವರದೇ ಹೆಸರು. ವಕೀಲರಾಗಿದ್ದವರು ವಚನಗಳ ಹಿಂದೆ ಬಿದ್ದು, 1923ರಲ್ಲಿ ‘ವಚನಶಾಸ್ತ್ರ ಸಾರ’ ತಂದರು, ಮನೆ ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. “ಅವ್ರೂ ಒಬ್ಬರೇ ಮಾಡಿದ್ರಲ್ಲ” ಅಂದೆ, ಸಮಾಧಾನ ಬೇಕಾಗಿತ್ತು.

“ಒಬ್ಬರೇ ಹೊಂಟ್ರು ಖರೆ. ಓಲಿಗರಿ ಕೊಟ್ಟಾವ್ರು ಯಾರು? ಮನಿಮನಿ ಮಂದಿ. ಜಗಲಿ ಮ್ಯಾಲ ಪೂಜಿ ಮಾಡಿ ಇಟ್ಟಿದ್ದನ್ನ ತೆಗದು ಕೊಟ್ರು. ನೀ ಯಾರ ಮನಿ ಬಾಗಲಕ್ಕ ಹೋಗಿ ಏನು ಕೇಳಿ?”

ಒಪ್ಪಿಗೆ ಪತ್ರಕ್ಕೆ ಸಹಿ ಬಿಟ್ಟರೆ ಏನನ್ನೂ ಕೇಳಿರಲಿಲ್ಲ.

ಮೂರನೇ ಭಾನುವಾರ ಮಕ್ಕಳ ಮುಂದೆ ಕೂತು ಎರಡು ಮಾತು ಹೇಳಿದೆ. ಒಂದು, ನಿಮ್ಮನ್ನು ಕೇಳದೆ ನಿಮ್ಮ ಪ್ರೋಗ್ರಾಮ್ ಅಳಿಸಿದ್ದು ತಪ್ಪು. ಎರಡು, ಮೋಟರು, ಬ್ಯಾಟರಿ ನನಗೂ ಬರುವುದಿಲ್ಲ, ನಿಮ್ಮ ಜೊತೆಗೇ ಕಲಿಯುತ್ತಿದ್ದೇನೆ. ಮಕ್ಕಳಿಗೆ ಎರಡನೆಯದು ಮೊದಲೇ ಗೊತ್ತಿತ್ತಂತೆ.

ಅಂದಿನಿಂದ ಕೆಲವು ಕಟ್ಟಳೆ ಮಾಡಿಕೊಂಡೆವು. ನಾನು ಕೀಬೋರ್ಡ್ ಮುಟ್ಟುವುದಿಲ್ಲ. ಯಾವ ಕೆಲಸವೂ ಒಬ್ಬರಿಗೆ ಮಾತ್ರ ಗೊತ್ತಿರಬಾರದು, ಕನಿಷ್ಠ ಇಬ್ಬರಿಗೆ ಬರಬೇಕು, ಯಾಕೆಂದರೆ ನಮ್ಮಲ್ಲಿ ಮಕ್ಕಳು ಯಾವಾಗ ಸುಗ್ಗಿಗೆ, ಗುಳೆಗೆ ಹೋಗುತ್ತಾರೋ ಹೇಳಲು ಬರುವುದಿಲ್ಲ. ನೋಟ್‌ಬುಕ್ ಮನೆಗೆ ಹೋಗುವುದಿಲ್ಲ, ಪಡಸಾಲೆಯ ಗೂಡಿನಲ್ಲಿ ಇರುತ್ತದೆ, ಪ್ರತಿ ವಾರ ಪುಟದ ಫೋಟೊ ತೆಗೆಯುತ್ತೇವೆ. ಹಳೆ ಪ್ರೋಗ್ರಾಮಿನ ಮೇಲೆ ತಾರೀಖು ಹಾಕಿ ಉಳಿಸುತ್ತೇವೆ.

ಬುಧವಾರ ಸಂಜೆ ಪಂಪಿನ ಕಾಕಾ ಬೆಸುಗೆ ಹಾಕುವುದು ಕಲಿಸುತ್ತಾರೆ. ವಿಜ್ಞಾನದ ಮಾಸ್ತರೊಬ್ಬರು ಪತ್ರ, ಸಹಿ, ಬಸ್ಸಿನ ವ್ಯವಸ್ಥೆ ವಹಿಸಿಕೊಂಡರು. ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮ್ಮೂರಿನ ಇಬ್ಬರು ಹುಡುಗರು ರಜೆಗೆ ಬಂದಾಗ ಕೂರುತ್ತಾರೆ. ಅವ್ವ ಚುರುಮುರಿ, ಚಹಾ. ಕೇಳಿದಾಗ ಯಾರೂ ಇಲ್ಲ ಅನ್ನಲಿಲ್ಲ. ನಾನೇ ಕೇಳಿರಲಿಲ್ಲ.

ಆ ಹುಡುಗಿ ಮಾರ್ಚಿನಲ್ಲಿ ವಾಪಸು ಬಂದಳು, ಅಂಗೈಯಲ್ಲಿ ಬೊಬ್ಬೆ. ನಾಲ್ಕು ಸಾಲು ಮತ್ತೆ ಬರೆದಳು. ಮುಂದಿನ ಹಂಗಾಮಿಗೆ ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದರು. ರೋಬೊದಿಂದಲೇ ಹೀಗಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಂದೆ ಎಸ್ಸೆಸ್ಸೆಲ್ಸಿ ಇತ್ತು, ಮಾಸ್ತರರು ಮನೆಗೆ ಹೋಗಿ ಹೇಳಿದ್ದರು, ತಮ್ಮನೂ ದೊಡ್ಡವನಾಗಿದ್ದ. ಅವಳ ತಂಗಿಯ ವಯಸ್ಸಿನ ಇನ್ನೊಬ್ಬಳು ಆ ವರ್ಷ ಗುಳೆ ಹೋದವಳು ಮತ್ತೆ ಸಾಲಿಗೆ ಬರಲಿಲ್ಲ. ನಮ್ಮ ತಂಡ ಅದಕ್ಕೆ ಏನೂ ಮಾಡಲಾಗಲಿಲ್ಲ.

ನೀವೂ ಶುರು ಮಾಡುವುದಾದರೆ

ಓದುವವರಲ್ಲಿ ನನ್ನಂತೆ ಊರು ಬಿಟ್ಟವರು, ಊರಿಗೆ ಏನಾದರೂ ಮಾಡಬೇಕು ಅನ್ನುವವರು ಇರುತ್ತೀರಿ. ನಾನು ಎಡವಿದ್ದನ್ನು ಹೇಳಿಬಿಡುತ್ತೇನೆ.

ಮೊದಲು ಕಿಟ್ ಕೊಳ್ಳಬೇಡಿ. ದುಬಾರಿ ಪೆಟ್ಟಿಗೆ ಬಂದರೆ ಮಕ್ಕಳು ಮುಟ್ಟಲು ಹೆದರುತ್ತಾರೆ, ನೀವು ಬೀಗ ಹಾಕುತ್ತೀರಿ. ನಾನು ಕೊಂಡಾಗಿನ ದರದಲ್ಲಿ ಒಂದು ರೋಬೊದ ಲೆಕ್ಕ ಇದು: ಅರ್ಡುಯಿನೊ ಮಾದರಿಯ ಬೋರ್ಡು 450, ಮೋಟರ್ ಡ್ರೈವರ್ 150, ಗಾಲಿ ಸಮೇತ ಎರಡು ಮೋಟರ್ 200, ಮುಂದಿನ ಪುಟ್ಟ ಗಾಲಿ 40, ಮೂರು ಸೆನ್ಸರ್ 120, ಎರಡು ಸೆಲ್ಲು ಮತ್ತು ಹೋಲ್ಡರ್ 300, ಚಾರ್ಜರ್ 200, ತಂತಿ-ಸ್ವಿಚ್ 140. ಒಟ್ಟು 1,600 ರೂಪಾಯಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರಿದ್ದರೆ ಚೀಟಿ ಕೊಟ್ಟು ತರಿಸಿ. ಲಿಥಿಯಮ್ ಸೆಲ್ಲನ್ನು ಸರಿಯಾದ ಚಾರ್ಜರಿನಲ್ಲಿ, ದೊಡ್ಡವರ ಕಣ್ಣೆದುರಿಗೇ ಚಾರ್ಜ್ ಮಾಡಿ. ಎರಡು ತುದಿ ತಾಗಿದರೆ ಬೆಂಕಿ ಹತ್ತುತ್ತದೆ.

ಸಾಮಾನು ಬರುವ ಮೊದಲು ‘ಟಿಂಕರ್‌ಕ್ಯಾಡ್’ನಲ್ಲಿ ಸರ್ಕ್ಯೂಟ್ ಕಟ್ಟಿ ನೋಡಬಹುದು, ಉಚಿತ. ಅಲ್ಲಿ ಎಷ್ಟು ಸಲ ತಪ್ಪಿದರೂ ಏನೂ ಸುಡುವುದಿಲ್ಲ.

ರೋಬೊ ‘ಸತ್ತರೆ’ ಮೊದಲು ಬ್ಯಾಟರಿ ನೋಡಿ, ಆಮೇಲೆ ತಂತಿ, ಎಲ್ಲದಕ್ಕೂ ಒಂದೇ ಗ್ರೌಂಡ್ ಸೇರಿದೆಯೇ ನೋಡಿ, ಕೊನೆಗೆ ಪ್ರೋಗ್ರಾಮ್. ನಾನು ತಿರುಗಾ ಮುರುಗಾ ಮಾಡಿ ಮೂರು ವಾರ ಕಳೆದೆ.

ಮೊದಲ ವರ್ಷ ದೊಡ್ಡ ಸ್ಪರ್ಧೆಯ ಗೊಡವೆ ಬೇಡ. ಊರಿನ ಜಾತ್ರೆಯಲ್ಲೋ ಸಾಲಿಯ ಗ್ಯಾದರಿಂಗ್‌ನಲ್ಲೋ ಓಡಿಸಿ ತೋರಿಸಿ. ತಾಯಂದಿರು ಒಮ್ಮೆ ನೋಡಿದರೆ ಒಪ್ಪಿಗೆ ಪತ್ರಕ್ಕೆ ಮೂರು ಸಲ ಅಲೆಯಬೇಕಾಗುವುದಿಲ್ಲ. ಮತ್ತು ಮೊದಲ ದಿನವೇ, ಮಕ್ಕಳನ್ನು ಕರೆಯುವ ಮುಂಚೆ, ಊರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮೋಟರ್ ರಿಪೇರಿಯವರು, ವಯರ್‌ಮನ್, ಬಡಿಗ್ಯಾರ, ಟೇಲರ್. ಒಬ್ಬರಾದರೂ ಹೂಂ ಅಂದ ಮೇಲೆ ಶುರು ಮಾಡಿ.

ಪಡಸಾಲೆಯ ಬಾಗಿಲಲ್ಲಿ

ಎರಡನೇ ವರ್ಷ ಕಂಪನಿಯವರು ಆಫೀಸಿಗೆ ಬನ್ನಿ ಎಂದರು. ಎರಡು ತಿಂಗಳು ಬೆಂಗಳೂರಿನಲ್ಲಿದ್ದೆ. ಇನ್ನು ಮುಗಿಯಿತು ಎಂದುಕೊಂಡಿದ್ದೆ. ಫೋನ್ ಮಾಡಿದಾಗಲೆಲ್ಲ ಅವ್ವ “ಬರ್ತಾವ, ಹೋಗ್ತಾವ” ಅನ್ನುತ್ತಿದ್ದಳೇ ಹೊರತು ಹೆಚ್ಚು ಹೇಳುತ್ತಿರಲಿಲ್ಲ.

ಒಂದು ಭಾನುವಾರ ರಾತ್ರಿ ಬಸ್ಸಿಗೆ ಬಂದು ಇಳಿದು ಮನೆಗೆ ಬಂದಾಗ ಬಾಗಿಲ ಮುಂದೆ ಹನ್ನೆರಡು ಜೊತೆ ಚಪ್ಪಲಿ. ಒಳಗೆ ಫ್ಲೆಕ್ಸ್ ಹಾಸಿತ್ತು. ಹೊಸ ರೋಬೊ, ‘ಬಾಳ್ಯಾ’. ನಾನು ಬರೆದ ಪಿಐಡಿ ಪ್ರೋಗ್ರಾಮನ್ನು ಅರ್ಧ ತೆಗೆದು, ಅರ್ಧ ಉಳಿಸಿಕೊಂಡಿದ್ದರಂತೆ. ನನ್ನನ್ನು ಕೇಳಿರಲಿಲ್ಲ.

ಯಾರೂ ನನ್ನ ಕಡೆ ನೋಡಲಿಲ್ಲ. ಐದನೇ ಕ್ಲಾಸಿನ ಹೊಸ ಹುಡುಗನೊಬ್ಬ ಬ್ಯಾಟರಿಯ ತಂತಿ ಹಿಡಿದು ಕೆಂಪು ಎಲ್ಲಿ, ಕರಿ ಎಲ್ಲಿ ತಿಳಿಯದೆ ಕೂತಿದ್ದ. ಎದುರಿಗೆ ಆ ನೋಟ್‌ಬುಕ್ ಹುಡುಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೇಳುತ್ತಿದ್ದಳು:

“ನಾ ಮುಟ್ಟಂಗಿಲ್ಲ. ನೀನ ಹಚ್ಚು.”

ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತೆ.